ಪಂಪ್ ಬಚ್ಚಿಡುವ ಊರು

ಹೋದ ಚಳಿಗಾಲ ತಂಗಿ ಮಗಳ ಮದುವೆಗೆಂದು ದೆಹಲಿಯಿಂದ ತೀರ್ಥಹಳ್ಳಿಗೆ ಹೋಗಿದ್ದೆ. ಚಪ್ಪರದ ಮೂಲೆಯಲ್ಲಿ ನಿಂತು ಇನ್‌ಹೇಲರ್, ಅಂದರೆ ಉಸಿರಾಟದ ಪಂಪ್, ಎಳೆದುಕೊಳ್ಳುತ್ತಿದ್ದೆ. ಅತ್ತೆ ಓಡಿ ಬಂದು ಅಡ್ಡ ನಿಂತರು. "ಒಳಗೆ ಹೋಗಿ ತಗೊಳ್ಳೋ ಮಾರಾಯ, ಗಂಡಿನ ಕಡೆಯವರು ನೋಡ್ತಾರೆ." ಸೋದರಮಾವನಿಗೆ ದಮ್ಮು ಅಂದರೆ ಹುಡುಗಿಗೂ ಬರುತ್ತೆ ಅಂದುಕೊಳ್ಳುತ್ತಾರಂತೆ. ನಗು ಬರಬೇಕಿತ್ತು, ಬರಲಿಲ್ಲ.

ನನಗಿರುವುದು ಸಿಒಪಿಡಿ, ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ, ಪೂರ್ತಿ ವಾಸಿಯಾಗದ ಶ್ವಾಸಕೋಶದ ಕಾಯಿಲೆ. ಇಪ್ಪತ್ತು ವರ್ಷ ಸಿಗರೇಟು ಸೇದಿದವನು ನಾನೇ, ಹಾಗಾಗಿ ದೆಹಲಿಯೊಂದನ್ನೇ ದೂರುವಂತಿಲ್ಲ. ಆದರೆ ದೆಹಲಿಯಲ್ಲಿ ಪಂಪ್ ಬಚ್ಚಿಟ್ಟ ನೆನಪಿಲ್ಲ. ಮೆಟ್ರೋದಲ್ಲಿ ತೆಗೆದರೆ ಯಾರೋ ಎದ್ದು ಸೀಟು ಕೊಡುತ್ತಾರೆ. ಲಿಫ್ಟ್‌ನಲ್ಲಿ ಪಕ್ಕದ ಮನೆಯವರು "ಇವತ್ತು 400 ದಾಟಿದೆ, ಮಾಸ್ಕ್ ಎಲ್ಲಿ?" ಅನ್ನುತ್ತಾರೆ. ಗಾಳಿಯ ಸೂಚ್ಯಂಕ 401 ಆದರೆ 'ಗಂಭೀರ' ಅನ್ನುವುದು ಅಲ್ಲಿನ ಶಾಲೆ ಮಕ್ಕಳಿಗೂ ಗೊತ್ತು. ನಮ್ಮ ಡಾಕ್ಟರು ದೀಪಾವಳಿಗೆ ಮೊದಲೇ ಕರೆದು ಔಷಧಿ ನೋಡುತ್ತಾರೆ, ಫ್ಲೂ ಲಸಿಕೆ ಹಾಕುತ್ತಾರೆ, ಬೆಳಗಿನ ವಾಕಿಂಗ್ ನಿಲ್ಲಿಸುತ್ತಾರೆ. ಚಳಿಯಲ್ಲಿ ನೆಲದ ಹತ್ತಿರ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಹೊಗೆ ಮೇಲೆ ಹೋಗುವುದೇ ಇಲ್ಲ. ಬಿಸಿಲೇರಿದ ಮೇಲೆ ಹೊರಗೆ ಹೋಗು ಅನ್ನುತ್ತಾರೆ.

ಊರಲ್ಲಿ? "ನಮ್ಮ ಗಾಳಿ ಅಮೃತ ಕಣೋ" ಅನ್ನುತ್ತಲೇ ಬಚ್ಚಲೊಲೆಗೆ ಹಸಿ ಸೌದೆ ತುರುಕುತ್ತಾರೆ. ಆ ಹೊಗೆಯಲ್ಲಿರುವುದೂ ಪಿಎಂ 2.5 ಕಣಗಳೇ, ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಧೂಳು. ಬೀಡಿ ಮುಟ್ಟದ ಹೆಂಗಸರಿಗೂ ಒಲೆ ಹೊಗೆಯಿಂದ ಸಿಒಪಿಡಿ ಬರುತ್ತದೆ. ದೊಡ್ಡಮ್ಮ ಎಷ್ಟೋ ವರ್ಷದಿಂದ ಕೆಮ್ಮುತ್ತಿದ್ದಾರೆ. "ವಯಸ್ಸಾಯ್ತಲ್ಲ" ಅನ್ನುತ್ತಾರೆ ಅಷ್ಟೇ. ಸ್ಪೈರೋಮೆಟ್ರಿ ಅಂತ ಶ್ವಾಸಕೋಶದ ಪರೀಕ್ಷೆ ಮಾಡಿಸೋಣ, ಒಂದು ಕೊಳವೆಗೆ ಜೋರಾಗಿ ಊದಿದರೆ ಮುಗೀತು ಅಂದೆ. ಕಷಾಯ ಸಾಕಂತೆ. ಪಂಪ್ ಅಭ್ಯಾಸವಾದರೆ ಬಿಡೋಕಾಗಲ್ಲವಂತೆ! ಕನ್ನಡಕ ಹಾಕಿಕೊಂಡು ಕೂತವರೇ ಈ ಮಾತು ಹೇಳಿದ್ದು. ನುಂಗುವ ಮಾತ್ರೆಗಿಂತ ಎಷ್ಟೋ ಕಡಿಮೆ ಔಷಧಿ ನೇರ ಶ್ವಾಸಕೋಶಕ್ಕೇ ಹೋಗುತ್ತೆ ಅಂದರೆ ಕೇಳುವವರು ಯಾರು? ಊರಿನವರಿಗೆ ಕಾಯಿಲೆಗಿಂತ ನಾಚಿಕೆ ದೊಡ್ಡದು.

ಇಷ್ಟೆಲ್ಲ ಸಿಟ್ಟಿದ್ದರೂ ಒಂದು ಒಪ್ಪಿಕೊಳ್ಳಬೇಕು. ನಾಲ್ಕನೇ ದಿನ ತೋಟದಿಂದ ಮನೆಗೆ ಮೆಟ್ಟಿಲು ಹತ್ತುವಾಗ ಒಂದೇ ಸಲ ನಿಂತೆ. ದೆಹಲಿಯಲ್ಲಿ ಮೂರು ಸಲ ನಿಲ್ಲುತ್ತಿದ್ದೆ. ಅಲ್ಲಿ ಎಲ್ಲರಿಗೂ ಅಂಕಿ ಬಾಯಿಪಾಠ, ಗಾಳಿ ಮಾತ್ರ ಹಾಗೇ ಇದೆ. ಇನ್ನೊಂದು ವಿಷಯ, ಹೇಳಬೇಕೋ ಬೇಡವೋ. ಮದುವೆಯ ರಾತ್ರಿ ನನ್ನ ಹಾಸಿಗೆಯನ್ನು ಬಚ್ಚಲಿನಿಂದ ದೂರದ ಕೋಣೆಗೆ ಹಾಕಿಸಿದ್ದು ಅದೇ ಅತ್ತೆ. ಯಾರೂ ಹೇಳಿರಲಿಲ್ಲ.

ವಾಪಸ್ ಬಂದ ದಿನ ಲಿಫ್ಟ್‌ನಲ್ಲಿ ಪಕ್ಕದ ಮನೆಯವರು ಸಿಕ್ಕರು. "ಇಲ್ಲಿ 412. ನಿಮ್ಮೂರಲ್ಲಿ ಎಷ್ಟಿತ್ತು?" ಅಂದರು.

ನೋಡಲೇ ಇಲ್ಲ ಅಂದೆ.