ಅದು ಜೇನಲ್ಲ, ನೊಣ

ಮೈಸೂರಿನ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಸೇವಂತಿಗೆ ಮೇಲೆ ಕೂತ ಪಟ್ಟೆ ಹುಳದ ಫೋಟೊ ಓಡಾಡುತ್ತಿದೆ. ‘ಜೇನು ಬಂದಿದೆ, ಕುಟುಕುತ್ತೆ, ಔಷಧಿ ಹೊಡೆಯಿರಿ’ ಅಂತ ಒಕ್ಕಣೆ ಬೇರೆ. ತಪ್ಪು. ಅದು ಜೇನಿನ ವೇಷ ಹಾಕಿದ ನೊಣ. ಅದಕ್ಕೆ ಕೊಂಡಿಯೇ ಇಲ್ಲ.

ರೆಕ್ಕೆ ಎಣಿಸಿ ಅನ್ನುತ್ತಾರೆ: ನೊಣಕ್ಕೆ 2, ಜೇನಿಗೆ 4. ಆದರೆ ಜೇನಿನ ಹಿಂದಿನ ರೆಕ್ಕೆ ಮುಂದಿನದಕ್ಕೆ ಕೊಕ್ಕೆ ಹಾಕಿಕೊಂಡಿರುತ್ತದೆ, ಸುಮ್ನೆ ನೋಡಿದರೆ ಗೊತ್ತಾಗುವುದಿಲ್ಲ. ಮುಖ ನೋಡಿ. ತಲೆ ತುಂಬ ಕಣ್ಣು, ಮೋಟು ಮೀಸೆ ಇದ್ದರೆ ನೊಣ. ಗಾಳಿಯಲ್ಲಿ ಒಂದೇ ಕಡೆ ನಿಂತು ಚಕ್ಕನೆ ಪಕ್ಕಕ್ಕೆ ಜಾರುವುದೂ ಅದೇ. ಹಿಂಗಾಲಲ್ಲಿ ಪರಾಗದ ಉಂಡೆ ಕಂಡರೆ ಜೇನು.

ಇಂಥ ಎಷ್ಟೋ ನೊಣಗಳ ಮರಿಹುಳ ಗಿಡದ ರಸ ಹೀರುವ ಹೇನು ತಿನ್ನುತ್ತದೆ. ಔಷಧಿ ಹೊಡೆದರೆ ಹೇನಿಗೇ ಲಾಭ, ಅಲ್ವಾ?