ಖಾಲಿ ಗಾಡಿಯ ಟಾರ್ಕು

ಪಿಕಪ್ ಟ್ರಕ್ ಕೊಳ್ಳಬೇಕು ಅಂದುಕೊಂಡವರೆಲ್ಲ ಗಾಡಿ ಬರುವ ಮೊದಲೇ ಬಾಯಲ್ಲಿ ಟನ್‌ಗಟ್ಟಲೆ ಸಾಮಾನು ಸಾಗಿಸಿರುತ್ತಾರೆ. ಮರಳು, ಜಲ್ಲಿ, ದೋಣಿ, ಕುದುರೆ, ಯಾರದೋ ಮನೆ ಪೂರ್ತಿ. ಗಾಡಿ ಬಂದ ಮೇಲೆ ಹಿಂದೆ ಇಣುಕಿ ನೋಡಿ. ಒಂದು ಹಗ್ಗದ ತುಂಡು, ಮುರಿದ ಕೊಡೆ, ಒಂದಿಷ್ಟು ಒಣಗಿದ ಎಲೆ. ನಮ್ಮ ಭಾವನ ಗಾಡಿಯಲ್ಲಿ ಇವು ಮೂರೂ ಇವೆ, ಹಗ್ಗ ಮಾತ್ರ ಸ್ವಲ್ಪ ಉದ್ದ.

ಭಾವ ಡೀಸೆಲ್ಲೇ ಬೇಕು ಅಂತ ಹಟ ಹಿಡಿದಿದ್ದು ಟಾರ್ಕ್‌ಗೋಸ್ಕರ, ಅಂದರೆ ಚಕ್ರ ತಿರುಗಿಸಿ ಭಾರ ಎಳೆಯುವ ಬಲ. ಗಾಡಿ ಬುಕ್ ಮಾಡುವವರೆಗೂ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ, ಪೆಟ್ರೋಲ್ ಎರಡೂ ಸೇರಿದ್ದಕ್ಕೆ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ. ಡೀಸೆಲ್ಲಿನಲ್ಲಿ ಕಿಡಿ ಹಚ್ಚುವವರೇ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು 15ರಿಂದ 20 ಪಟ್ಟು ಅದುಮಿ, ಅದು ಕಾದು ಕೆಂಡವಾದಾಗ ಡೀಸೆಲ್ ಚಿಮ್ಮಿಸಿದರೆ ತಾನೇ ಹತ್ತಿಕೊಳ್ಳುತ್ತದೆ. ಇಷ್ಟು ಒತ್ತಡ ತಡೆಯಬೇಕಲ್ಲ, ಹಾಗಾಗಿ ಎಂಜಿನ್ ದಪ್ಪ, ಭಾರ, ರೇಟೂ ಜಾಸ್ತಿ. ಜೊತೆಗೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಇರುತ್ತದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಮೀಟರ್ ಮುಳ್ಳು 1,500-2,000ದ ಹತ್ತಿರ ಬರುವಷ್ಟರಲ್ಲೇ ಪೂರ್ತಿ ಎಳೆತ ಸಿಕ್ಕಿಬಿಡುತ್ತದೆ. ಭಾವ ಹೇಳಿದ್ದು ಯಾವುದೂ ಸುಳ್ಳಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ ಸುಮಾರು 3 ಮೀಟರ್ ಎತ್ತರ ಇತ್ತು, ಶಕ್ತಿ ಬರೀ 20 ಎಚ್‌ಪಿ ಆಸುಪಾಸು ಅಂತ ಅವರು ಊಟದ ಹೊತ್ತಿನಲ್ಲಿ ಹೇಳಿದಾಗ ಅಕ್ಕ, "ಅದನ್ನೇ ತಂದಿಟ್ಕೊಳ್ಳಿ, ಹೇಗಿದ್ರೂ ನೀವು ಎಲ್ಲಿಗೂ ಹೋಗಲ್ಲ" ಅಂದಳು.

ಅಕ್ಕನ ಮಾತಿನಲ್ಲೇ ಇದ್ದಿದ್ದು ವಿಷಯ. ಭಾವ ಮನೆಯಿಂದ ಆಫೀಸಿಗೆ ಹೋಗಿ ಬರುತ್ತಾರೆ, ನಡೆದರೂ ಬೆವರು ಬರದಷ್ಟು ದೂರ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಗೇಟ್ ಬಂದಿರುತ್ತದೆ. ಈಗಿನ ಡೀಸೆಲ್ ಗಾಡಿಗಳಿಗೆ ಇದು ಆಗಿಬರುವುದಿಲ್ಲ. ಹೊಗೆಕೊಳವೆಯಲ್ಲಿ ಡಿಪಿಎಫ್ ಅಂತ ಒಂದು ಜಾಲರಿ ಇರುತ್ತದೆ, ಮಸಿ ಹಿಡಿಯುವುದು ಅದರ ಕೆಲಸ. ಮಸಿ ತುಂಬಿದಾಗ ಗಾಡಿ ತಾನೇ ಒಳಗಿನ ಶಾಖವನ್ನು 600 ಡಿಗ್ರಿ ಹತ್ತಿರಕ್ಕೆ ಏರಿಸಿ ಅದನ್ನು ಸುಟ್ಟುಕೊಳ್ಳಬೇಕು. ಅದಕ್ಕೆ ಒಂದಿಷ್ಟು ಹೊತ್ತು ಒಂದೇ ಸಮನೆ ಓಡಬೇಕು. ಭಾವನ ಗಾಡಿ ಸುಡಲು ಶುರು ಮಾಡುತ್ತದೆ, ಭಾವ ಕೀ ತಿರುಗಿಸಿ ಆಫ್ ಮಾಡುತ್ತಾರೆ. ಮತ್ತೆ ಶುರು, ಮತ್ತೆ ಆಫ್.

ಕೊನೆಗೆ ಮೀಟರಿನಲ್ಲಿ ಹಳದಿ ದೀಪ ಹತ್ತಿಕೊಂಡಿತು. ಮೆಕ್ಯಾನಿಕ್ ನೋಡಿ, "ಸರ್, ಏನೂ ಆಗಿಲ್ಲ, ಹೈವೇಲಿ ಅರ್ಧ ಗಂಟೆ ಓಡಿಸ್ಕೊಂಡು ಬನ್ನಿ ಸಾಕು" ಅಂದ. ಅಲ್ಲಿಂದ ಶುರುವಾಯಿತು ನೋಡಿ, ದೀಪ ಆರಿಸುವ ಯಾತ್ರೆ. ದೀಪ ಹತ್ತಿದ ಭಾನುವಾರ ಮನೆಮಂದಿಯೆಲ್ಲ ತಯಾರಾಗಿ ಹೊರಡುತ್ತಾರೆ. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ನಿಲ್ಲಿಸುವ ಹಾಗಿಲ್ಲ. ಅಕ್ಕನ ಮಗಳಿಗೆ ಬಾತ್‌ರೂಮಿಗೆ ಹೋಗಬೇಕಾದರೂ ಭಾವ ಮೀಟರ್ ನೋಡಿಕೊಂಡು, "ಇನ್ನೊಂದು ಹತ್ತು ನಿಮಿಷ ತಡ್ಕೋ ಪುಟ್ಟಿ, ಉರೀತಾ ಇದೆ" ಅನ್ನುತ್ತಾರೆ.

ಇದಕ್ಕಿಂತ ಮಜಾ ಆಯಿಲ್ ವಿಷಯ. ಒಂದು ಬೆಳಗ್ಗೆ ಬಾನೆಟ್ ಎತ್ತಿ, ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದು ಭಾವ ನನ್ನನ್ನು ಕರೆದರು. ಆಯಿಲ್ ಮೇಲಿನ ಗೆರೆಯನ್ನೂ ದಾಟಿ ಬೆರಳಗಲ ಏರಿತ್ತು. "ನೋಡೋ, ಬೇರೆಯವರ ಗಾಡಿ ಆಯಿಲ್ ಕುಡಿಯುತ್ತೆ, ನಮ್ದು ತಾನೇ ಹುಟ್ಟಿಸುತ್ತೆ!" ನಾನು ಮೂಸಿ ನೋಡಿದೆ. ಡೀಸೆಲ್ ಘಮ್ಮೆನ್ನುತ್ತಿತ್ತು. ಬೆರಳ ಮಧ್ಯೆ ಉಜ್ಜಿದರೆ ಜಿಡ್ಡೇ ಇಲ್ಲ, ನೀರುನೀರು. ಮಸಿ ಸುಡಲಿ ಅಂತ ಕೆಲವು ಎಂಜಿನ್ನುಗಳು ಸಿಲಿಂಡರಿಗೆ ಹೆಚ್ಚುವರಿ ಡೀಸೆಲ್ ಬಿಡುತ್ತವೆ. ಆ ಸುಡುವ ಕೆಲಸ ಪದೇ ಪದೇ ಅರ್ಧಕ್ಕೆ ನಿಂತರೆ ಉಳಿದ ಡೀಸೆಲ್ ಪಿಸ್ಟನ್ ಪಕ್ಕದಿಂದ ಜಾರಿ ಕೆಳಗಿನ ಆಯಿಲ್ ಸೇರುತ್ತದೆ. ಆಯಿಲ್ ತೆಳ್ಳಗಾದರೆ ಬೇರಿಂಗುಗಳ ಕಥೆ ಮುಗಿಯಿತು. ಅವತ್ತೇ ಬದಲಾಯಿಸಿದ್ದರಿಂದ ಗಾಡಿ ಉಳಿಯಿತು, ಭಾವನ ಮುಖ ಉಳಿಯಲಿಲ್ಲ.

ಯೂರಿಯಾ ಕಥೆ ಚುಟುಕಾಗಿ ಹೇಳುತ್ತೇನೆ. ಹೊಗೆ ಶುದ್ಧ ಮಾಡಲು ಒಂದು ಬೇರೆ ಟ್ಯಾಂಕು, ಅದರಲ್ಲಿ 32.5 ಶೇಕಡಾ ಯೂರಿಯಾ, ಉಳಿದಿದ್ದು ಶುದ್ಧ ನೀರು. ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಖಾಲಿಯಾಗುತ್ತಾ ಬಂದಾಗ ಗಾಡಿ ಮೊದಲು ವಿನಯವಾಗಿ ಹೇಳುತ್ತದೆ, ಆಮೇಲೆ ಗದರಿಸುತ್ತದೆ, ಪೂರ್ತಿ ಬರಿದಾದ ಮೇಲೆ ಒಮ್ಮೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟೇ ಆಗುವುದಿಲ್ಲ. ಟ್ಯಾಂಕ್ ತುಂಬ ಡೀಸೆಲ್ ಇಟ್ಟುಕೊಂಡು ಮುಷ್ಕರ!

ಇದನ್ನೆಲ್ಲ ನೋಡಿ ಜೋರಾಗಿ ನಕ್ಕಿದ್ದು ಪಕ್ಕದ ಮನೆಯವರು. ಅವರದು ಪೆಟ್ರೋಲ್ ಪಿಕಪ್. ಸದ್ದಿಲ್ಲ, ಮಸಿ ಸುಡುವ ಯಾತ್ರೆ ಇಲ್ಲ, ಎಂಜಿನ್ ಹಗುರ ಅಂತ ಹಿಂದೆ ಒಂದಿಷ್ಟು ಜಾಸ್ತಿ ಭಾರವನ್ನೇ ಹಾಕಬಹುದು. ಆಫೀಸು, ಅಂಗಡಿ, ಶಾಲೆ ಅಂತ ಓಡಾಡುವವರಿಗೆ ಅದೇ ಸರಿ, ನನ್ನನ್ನು ಕೇಳಿದರೆ. ಆದರೆ ಅವರು ಒಂದು ಸಲ ಯಾರದೋ ದೋಣಿಯನ್ನು ಟ್ರೈಲರಿನಲ್ಲಿ ಕಟ್ಟಿಕೊಂಡು ಏರುದಾರಿ ಹತ್ತಿಸಲು ಹೋದರು. ಪಕ್ಕದ ಸೀಟಿನಲ್ಲಿ ನಾನಿದ್ದೆ. ಪೆಟ್ರೋಲ್ ಎಂಜಿನ್ನಿಗೂ ಶಕ್ತಿ ಇದೆ, ಆದರೆ ಮುಳ್ಳು ಮೇಲೇರಿದ ಮೇಲೆ. ಗಾಡಿ ಒಂದು ಗೇರ್ ಇಳಿಸಿತು. ಇನ್ನೊಂದು ಇಳಿಸಿತು. ಮುಳ್ಳು 5,000 ಮುಟ್ಟಿತು, ಎಂಜಿನ್ ಹುಚ್ಚುನಾಯಿ ಅಟ್ಟಿಸಿಕೊಂಡು ಬಂದವರ ಹಾಗೆ ಕಿರುಚುತ್ತಿತ್ತು, ನಾವಿಬ್ಬರೂ ಅದಕ್ಕಿಂತ ಜೋರಾಗಿ ಕಿರುಚಿ ಮಾತಾಡುತ್ತಿದ್ದೆವು, ಪೆಟ್ರೋಲ್ ಮುಳ್ಳು ಮಾತ್ರ ಯಾರ ಮಾತೂ ಕೇಳದೆ ಕೆಳಗೆ ಇಳಿಯುತ್ತಾ ಹೋಯಿತು. ನಮ್ಮ ಹಿಂದೆ ಬಂದ ಒಂದು ಹಳೆ ಡೀಸೆಲ್ ಪಿಕಪ್, ನಮ್ಮದಕ್ಕಿಂತ ದೊಡ್ಡ ಟ್ರೈಲರ್ ಎಳೆದುಕೊಂಡು ಗುಡುಗುಡು ಅನ್ನುತ್ತಾ ದಾಟಿಕೊಂಡು ಹೋಯಿತು. ಪಕ್ಕದ ಮನೆಯವರು ಅದರ ಕಡೆ ತಿರುಗಿಯೂ ನೋಡಲಿಲ್ಲ.

ದಿನಾ ಹೀಗೆ ಭಾರ ಎಳೆಯುವವರು, ದೂರ ದೂರ ಓಡಿಸುವವರು ಡೀಸೆಲ್ ತಗೊಳ್ಳಲಿ, ಯಾರೂ ಬೇಡ ಅನ್ನಲ್ಲ. ಲೀಟರ್ ಲೆಕ್ಕದಲ್ಲಿ ಡೀಸೆಲ್ಲಿಗೆ ಪೆಟ್ರೋಲಿಗಿಂತ ಶೇಕಡಾ ಹತ್ತಕ್ಕೂ ಜಾಸ್ತಿ ಶಕ್ತಿ ಇದೆ, ಮೈಲೇಜೂ ಚೆನ್ನಾಗಿ ಬರುತ್ತದೆ. ಆದರೆ ಕೊಳ್ಳುವಾಗ ಕೊಟ್ಟ ಹೆಚ್ಚಿನ ದುಡ್ಡು ಆ ಮೈಲೇಜಿನಲ್ಲಿ ವಾಪಸ್ ಬರಬೇಕಾದರೆ ಗಾಡಿ ಓಡಬೇಕಲ್ವಾ? ಗೇಟಿನ ಹತ್ತಿರ ನಿಂತು ಟಾರ್ಕ್ ಬಗ್ಗೆ ಮಾತಾಡಿದರೆ ಮೈಲೇಜ್ ಬರಲ್ಲ.

ಭಾವನ ಗಾಡಿಗೆ ಕೊನೆಗೂ ಒಂದು ದಿನ ಲೋಡ್ ಸಿಕ್ಕಿತು. ನಮ್ಮ ಚಿಕ್ಕಪ್ಪನ ಮಗ ಮನೆ ಬದಲಾಯಿಸಲು ಕೇಳಿ ತಗೊಂಡು ಹೋದ. ಒಳ್ಳೆ ಹುಡುಗ, ಹಾಗೇ ವಾಪಸ್ ಕೊಡಬಾರದು ಅಂತ ಟ್ಯಾಂಕ್ ಫುಲ್ ಮಾಡಿಸಿದ, ಪೆಟ್ರೋಲ್. ಬಂಕಿನಲ್ಲಿ ಡೀಸೆಲ್ ಪೈಪಿನ ಮೂತಿ ಸಾಮಾನ್ಯವಾಗಿ ದಪ್ಪ, ಪೆಟ್ರೋಲ್ ಗಾಡಿಯ ಬಾಯಿಗೆ ಹಿಡಿಸಲ್ಲ. ಪೆಟ್ರೋಲಿನದು ಸಣ್ಣ, ಡೀಸೆಲ್ ಗಾಡಿಯೊಳಗೆ ಸಲೀಸಾಗಿ ಹೋಗುತ್ತದೆ. ಆಗಲೇ ಗೊತ್ತಾಗಿದ್ದರೆ ಕೀ ಮುಟ್ಟದೆ ಟ್ಯಾಂಕ್ ಖಾಲಿ ಮಾಡಿಸಿದ್ದರೆ ಮುಗಿದಿತ್ತು. ಇವನು ಓಡಿಸಿಕೊಂಡು ಹೊರಟ. ಎಂಜಿನ್ನಿಗೆ ಡೀಸೆಲ್ ತಳ್ಳುವ ಪಂಪಿಗೆ ಜಿಡ್ಡು ಸಿಗುವುದೇ ಡೀಸೆಲ್ಲಿನಿಂದ. ಪೆಟ್ರೋಲಿನಲ್ಲಿ ಅದಿಲ್ಲ. ಲೋಹಕ್ಕೆ ಲೋಹ ಉಜ್ಜಿ, ಅದರ ಪುಡಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ವರೆಗೂ ಹೋಗುತ್ತದೆ. ಸ್ವಲ್ಪ ದೂರಕ್ಕೇ ಫೋನ್ ಬಂತು. "ಭಾವ, ಗಾಡಿ ಕೆಮ್ತಾ ಇದೆ, ಸ್ವಲ್ಪ ಬರ್ತೀರಾ?"

ಬಿಲ್ ವಿಷಯ ಬೇಡ. ಅಕ್ಕನ ಮುಂದೆ ಈಗಲೂ ಯಾರೂ ತೆಗೆಯುವುದಿಲ್ಲ.

ಮೊನ್ನೆ ಅದೇ ಹುಡುಗ ಫೋನ್ ಮಾಡಿದ. ಅವನೂ ಪಿಕಪ್ ತಗೊಳ್ಳುತ್ತಾನಂತೆ.

"ಅಣ್ಣ, ಡೀಸೆಲ್ಲಾ, ಪೆಟ್ರೋಲಾ?"

"ಮೊದಲು ಏನು ಎಳೀಬೇಕು ಅಂತ ಹೇಳು."

ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದ. "ಭಾವನ ಗಾಡಿ."