ಮುತ್ತಜ್ಜಿಯ ಕಾಲ್ಗುಣ

ನಮ್ಮ ಮನೆತನದಲ್ಲಿ ಮೂರು ತಲೆಮಾರಿಂದ ಒಂದು ಮಾತು ನಡೆದುಕೊಂಡು ಬಂದಿದೆ. "ಆವಮ್ಮನ ಕಾಲ್ಗುಣ ಸರಿ ಇರ್ಲಿಲ್ಲ." ಆವಮ್ಮ ಅಂದರೆ ನಮ್ಮಪ್ಪನ ಅಜ್ಜಿ, ನನಗೆ ಮುತ್ತಜ್ಜಿ. ಮದುವೆ ಮನೆ ಇರಲಿ, ತಿಥಿ ಮನೆ ಇರಲಿ, ನಾಲ್ಕು ಜನ ಹಿರಿಯರು ಕೂತರೆ ಈ ಮಾತು ಬಂದೇ ಬರುತ್ತದೆ. ಅವರು ಮನೆ ತುಂಬಿಸಿಕೊಂಡು ವರ್ಷ ಕಳೆಯುವಷ್ಟರಲ್ಲಿ ಅತ್ತೆ ತೀರಿಕೊಂಡರು. ಆಮೇಲೆ ಗಂಡ, ಮೈದುನ, ಓರಗಿತ್ತಿ, ಒಂದು ಮಗು, ಎಲ್ಲರೂ ಒಂದೇ ತಿಂಗಳಲ್ಲಿ ಹೋದರು. ಸಾಲದ್ದಕ್ಕೆ ಎರಡು ಎಕರೆ ಹೊಲವನ್ನು ಪುಡಿಗಾಸಿಗೆ ಮಾರಿದರು, ಮುಂದೆ ಆ ಹೊಲಕ್ಕೇ ನಾಲೆ ನೀರು ಬಂತು. ಇದು ಅವರ ಮೇಲಿನ ಆರೋಪಪಟ್ಟಿ.

ಈ ಮಾತು ಸುಳ್ಳು ಅಂತ ಹೇಳೋಕೆ ಇಷ್ಟುದ್ದ ಬರೀತಿದ್ದೀನಿ. ಸುಮ್ನೆ ಪ್ರೀತಿಗೆ ಹೇಳ್ತಿಲ್ಲ. ಅವರ ಬದುಕನ್ನು ಆ ಕಾಲದ ಪಕ್ಕ ಇಟ್ಟು ನೋಡಿದ ಮೇಲೆ ಹೇಳ್ತಿದ್ದೀನಿ. ಮನೆಯ ಹಿರಿಯರ ಮಾತಿಗೆ ಬೆಲೆ ಕೊಟ್ಟು ಹೆಸರು, ಊರು ಹಾಕಿಲ್ಲ. ಕನ್ನಂಬಾಡಿ ಕಟ್ಟೆಯ ಕೆಳಗಿನ ಸೀಮೆ, ಈಗಿನ ಮಂಡ್ಯ ಜಿಲ್ಲೆ ಅಂದರೆ ಸಾಕು.

ಮನೆತನದ ಕಥೆ ಹುಡುಕೋಕೆ ಹೊರಟರೆ ನಮ್ಮ ಕಡೆ ಮೊದಲು ನೆನಪಾಗೋದು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬರುತ್ತಿದ್ದರು. ಜಗುಲಿ ಮೇಲೆ ಕೂತು ನಿಮ್ಮ ವಂಶದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ರಾಗಿ, ಬಟ್ಟೆ, ಕೊಟ್ಟರೆ ಒಂದು ಕರು ಪಡೆದು ಹೋಗುತ್ತಿದ್ದರು. ನಮ್ಮ ಮನೆಯ ಹೆಳವರ ಪುಸ್ತಕ ನೋಡೋ ಭಾಗ್ಯ ನನಗೆ ಸಿಕ್ಕಿತು. ನಮ್ಮ ಮೂಲ ಊರು ಬೇರೆ, ಧಾತು ಈಶ್ವರದ ಬರದಲ್ಲಿ ಆ ಊರು ಬಿಟ್ಟು ಇಲ್ಲಿಗೆ ಬಂದವರು ಅಂತ ಅದರಲ್ಲಿತ್ತು. ತಂದೆಯ ಹೆಸರು, ಮಗನ ಹೆಸರು, ಮೊಮ್ಮಗನ ಹೆಸರು, ಎಲ್ಲ ಇತ್ತು. ಮುತ್ತಜ್ಜಿಯ ಹೆಸರು ಇರಲಿಲ್ಲ. ಯಾವ ಹೆಂಗಸಿನ ಹೆಸರೂ ಇರಲಿಲ್ಲ. ಹೆಳವರನ್ನು ದೂರಲ್ಲ, ನಾವು ಹೇಳಿದ್ದನ್ನು ಅವರು ಬರೆದುಕೊಂಡರು. ಆದರೆ ಈಗ ಫ್ಲೆಕ್ಸ್ ಮಾಡಿಸಿ ಮದುವೆ ಮನೆಯಲ್ಲಿ ತೂಗುಹಾಕುವ ವಂಶವೃಕ್ಷದಲ್ಲೂ ಅದೇ ಗಂಡಸರ ಸಾಲು ಕಂಡಾಗ ಹೊಟ್ಟೆ ಉರಿಯುತ್ತೆ. ಅಷ್ಟು ಜನ ಗಂಡಸರು ಆಕಾಶದಿಂದ ಉದುರಿದರಾ?

ಧಾತು ಈಶ್ವರದ ಬರ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಧಾತು ಸಂವತ್ಸರ ಅಂದರೆ 1876-77, ಈಶ್ವರ ಅಂದರೆ 1877-78. ಮೈಸೂರು ಸೀಮೆ ಆಗ ಇಂಗ್ಲಿಷ್ ಕಮಿಷನರ್ ಕೈಯಲ್ಲಿತ್ತು. 1871ರ ಜನಗಣತಿಯಲ್ಲಿ ಈ ಸಂಸ್ಥಾನದಲ್ಲಿ 50 ಲಕ್ಷಕ್ಕೂ ಜಾಸ್ತಿ ಜನ ಇದ್ದರು. 1881ರಲ್ಲಿ ಎಣಿಸಿದಾಗ ಸುಮಾರು 41 ಲಕ್ಷ 86 ಸಾವಿರ. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ. ನಮ್ಮ ಹಿರಿಯರು ಆ ಊರು ಬಿಟ್ಟವರ ಗುಂಪಿನಲ್ಲಿದ್ದರು. "ಮೂಲ ಊರಲ್ಲಿ ದಾಯಾದಿಗಳ ಜಗಳ ಆಗಿ ಬಂದರು" ಅಂತ ಮನೆಯಲ್ಲಿ ಕಥೆ ಇತ್ತು. ಜಗಳ ಆಗಿದ್ದಿರಬಹುದು. ಆದರೆ ಹೊಟ್ಟೆಗಿಲ್ಲದ ವರ್ಷ ಯಾವ ಮನೆಯಲ್ಲಿ ಜಗಳ ಆಗಲ್ಲ?

ಹೆಳವರ ಪುಸ್ತಕದಲ್ಲಿ ಸಿಗದ ಮುತ್ತಜ್ಜಿ ಸಿಕ್ಕಿದ್ದು ಒಂದು ಕ್ರಯಪತ್ರದಲ್ಲಿ. ದೊಡ್ಡಪ್ಪನ ಮನೆಯ ತಗಡಿನ ಟ್ರಂಕಿನಲ್ಲಿ, ಹಳೇ ಪಹಣಿ, ಕಂದಾಯದ ರಸೀದಿಗಳ ನಡುವೆ ಇತ್ತು. ಮೈಸೂರು ಸರ್ಕಾರದ ಗಂಡಭೇರುಂಡ ಇರುವ ಛಾಪಾ ಕಾಗದ. ಮಡಿಕೆಯ ಜಾಗದಲ್ಲೆಲ್ಲ ಹರಿದು, ಹಿಂದೆ ಯಾರೋ ಅಕ್ಕಿ ಗಂಜಿ ಹಚ್ಚಿ ತೆಳು ಬಟ್ಟೆ ಅಂಟಿಸಿದ್ದಾರೆ. ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಮೇಲೆ ಕಾಳಯುಕ್ತಿ ಸಂವತ್ಸರದ ಮಾರ್ಗಶಿರ ಮಾಸ ಅಂತ ಇದೆ. ಕೆಳಗೆ ಒಂದು ಹೆಬ್ಬೆಟ್ಟಿನ ಗುರುತು. ಗುರುತಿನ ಒಂದು ಕಡೆ ಮುತ್ತಜ್ಜಿಯ ಹೆಸರು, ಇನ್ನೊಂದು ಕಡೆ ವಯಸ್ಸು ಸುಮಾರು 25 ಅಂತ ಬರೆದಿದೆ. ಬೆರಳಿನ ಗೆರೆಗಳ ಮಧ್ಯದಲ್ಲಿ ಅಡ್ಡಕ್ಕೆ ಒಂದು ಬಿಳಿ ಗೆರೆ ಇದೆ, ಹಳೇ ಗಾಯದ ಕಲೆ. ಕುಡುಗೋಲು ತಾಗಿರಬೇಕು ಅಂತ ಅಪ್ಪ ಅಂದರು. ಅಪ್ಪ ಆ ಕಾಗದವನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ಕೂತಿದ್ದರು.

ಕಾಳಯುಕ್ತಿ ಅಂದರೆ 1918-19. ಆಗ 25 ಅಂದರೆ ಹುಟ್ಟಿದ್ದು 1893ರ ಆಸುಪಾಸು. ಮದುವೆ ಹನ್ನೆರಡು ಹದಿಮೂರರಲ್ಲಿ ಆಗಿರುತ್ತದೆ, ಆಗಿನ ರೂಢಿ ಅದು. ಅಂದರೆ ನಮ್ಮ ಮನೆಗೆ ಕಾಲಿಟ್ಟಿದ್ದು 1906ರ ಸುಮಾರಿಗೆ.

ಈಗ ಮೊದಲ ಆರೋಪ ನೋಡಿ. "ಅವ್ಳು ಹೊಸ್ಲು ತುಳಿದ್ಲು, ಸೂರಿಂದ ಇಲಿ ಬಿತ್ತು" ಅಂತ ನಮ್ಮ ದೊಡ್ಡತ್ತೆ ಈಗಲೂ ಹೇಳ್ತಾರೆ. ಇಲಿ ಬೀಳೋದು ಅಂದರೆ ಪ್ಲೇಗಿನ ಸೂಚನೆ. ಮುಂಬೈಗೆ 1896ರಲ್ಲಿ ಬಂದ ಪ್ಲೇಗ್ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. ರೈಲಿನಲ್ಲಿ, ಧಾನ್ಯದ ಮೂಟೆಗಳ ಜೊತೆ ಬಂದ ರೋಗ ಇದು. ಒಂದು ಸಲ ಬಂದು ಹೋಗಲಿಲ್ಲ, ವರ್ಷಗಟ್ಟಲೆ ತಿರುಗಿ ತಿರುಗಿ ಬಂತು. ಇಲಿ ಬಿತ್ತು ಅಂದರೆ ಜನ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಬೆಂಗಳೂರಿನಲ್ಲಿ ಪ್ಲೇಗಿನ ಅಮ್ಮನಿಗೆ ಗುಡಿ ಕಟ್ಟಿದರು. ಇಡೀ ದೇಶದಲ್ಲಿ ಅದು ಅತಿ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ವರ್ಷ 1907. ಆ ಒಂದೇ ವರ್ಷ 13 ಲಕ್ಷದಷ್ಟು ಜನ ಸತ್ತರು. ನಮ್ಮ ಮುತ್ತಜ್ಜಿಯ ಅತ್ತೆ ಹೋದದ್ದೂ ಕಂಕುಳಲ್ಲಿ ಗಂಟು ಬಂದೇ. ಅದನ್ನೂ ದೊಡ್ಡತ್ತೆಯೇ ಹೇಳಿದ್ದು.

ಹದಿಮೂರು ವರ್ಷದ ಹುಡುಗಿ. ತವರಿಂದ ಬಂದು ಇನ್ನೂ ಅಡುಗೆಮನೆಯ ಡಬ್ಬ ಯಾವುದು ಎಲ್ಲಿದೆ ಅಂತ ಗೊತ್ತಾಗಿರಲ್ಲ. ದೇಶಕ್ಕೆ ದೇಶವೇ ಹೆಣ ಹೊರುತ್ತಿದ್ದ ವರ್ಷದ ಸಾವನ್ನು ಅವಳ ಕಾಲಿಗೆ ಕಟ್ಟಿದರು.

ಎರಡನೆಯದು ಇನ್ನೂ ದೊಡ್ಡದು. ತಾತನ ಬಾಯಲ್ಲಿ ಕೇಳಿ ಅಪ್ಪ ನೆನಪಿಟ್ಟುಕೊಂಡಿದ್ದ ಪ್ರಕಾರ, ಆ ಸಾವುಗಳೆಲ್ಲ ಆದದ್ದು ಮಾರ್ನಾಮಿ ಕಳೆದು ದೀಪಾವಳಿ ಬರೋದರೊಳಗೆ. ಕ್ರಯಪತ್ರ ಆದದ್ದು ಅದೇ ವರ್ಷದ ಮಾರ್ಗಶಿರದಲ್ಲಿ. 1918ರಲ್ಲಿ ದೀಪಾವಳಿ ಬಂದದ್ದು ನವೆಂಬರ್ ಮೊದಲ ವಾರ. ಅಂದರೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಶುರುವಿನವರೆಗಿನ ದಿನಗಳು. ಇನ್‌ಫ್ಲುಯೆಂಜಾದ ಇತಿಹಾಸ ಗೊತ್ತಿರುವ ಯಾರಿಗಾದರೂ ಈ ತಾರೀಖು ಕೇಳಿದರೆ ಮೈ ಜುಂ ಅನ್ನುತ್ತದೆ. ಮುಂಬೈಗೆ ಆ ಜ್ವರ ಬಂದದ್ದು ಜೂನಿನಲ್ಲಿ. ಮೊದಲ ಸಲ ಅಷ್ಟೇನೂ ಜೋರಿರಲಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೆ ಎದ್ದಿತು. ಯುದ್ಧದ ಹಡಗು, ರೈಲು, ಊರಿಗೆ ಬರುವ ಸಿಪಾಯಿಗಳು, ಸಂತೆ, ಹೀಗೆ ಹಳ್ಳಿಹಳ್ಳಿ ಸೇರಿತು. ನಮ್ಮ ದೇಶದಲ್ಲಿ ಕಡಿಮೆ ಅಂದರೂ 1 ಕೋಟಿ 20 ಲಕ್ಷ ಜನ ಹೋದರು ಅನ್ನುತ್ತಾರೆ, ಅದಕ್ಕಿಂತ ಜಾಸ್ತಿ ಅನ್ನುವ ಲೆಕ್ಕಗಳೂ ಇವೆ. 1911ರಿಂದ 1921ರ ನಡುವೆ ಭಾರತದ ಜನಸಂಖ್ಯೆ ಏರುವ ಬದಲು ಇಳಿಯಿತು.

ಈ ಜ್ವರಕ್ಕೆ ಒಂದು ವಿಚಿತ್ರ ಗುಣ ಇತ್ತು. ಮುದುಕರು, ಕೂಸುಗಳಷ್ಟೇ ಅಲ್ಲ, ಇಪ್ಪತ್ತರಿಂದ ನಲವತ್ತರ ಗಟ್ಟಿಮುಟ್ಟಾದವರೇ ಜಾಸ್ತಿ ಹೋದರು. ಬಸುರಿಯರಿಗಂತೂ ಬಹಳ ಅಪಾಯ. ನಮ್ಮ ಮನೆಯ ಲೆಕ್ಕ ನೋಡಿ. ಮುತ್ತಜ್ಜನಿಗೆ ಮೂವತ್ತರ ಆಸುಪಾಸು. ಅವರ ತಮ್ಮ ಇನ್ನೂ ಚಿಕ್ಕವರು. ಓರಗಿತ್ತಿ ತುಂಬು ಬಸುರಿ. "ಗಟ್ಟಿ ಆಳುಗಳೇ ಹೋದ್ರು, ಮುದುಕಪ್ಪ ಉಳ್ಕೊಂಡ, ಇದು ಶಾಪ ಅಲ್ದೆ ಇನ್ನೇನು" ಅಂತ ಊರವರು ಅಂದರಂತೆ. ಅವರಿಗೆ ಶಾಪದ ಗುರುತಾಗಿ ಕಂಡದ್ದೇ ಆ ಜ್ವರದ ಗುರುತು. ಅದೇ ವರ್ಷ ಸೆಪ್ಟೆಂಬರ್ 23ಕ್ಕೆ ಮೊದಲ ಮಹಾಯುದ್ಧಕ್ಕೆ ಹೋಗಿದ್ದ ಮೈಸೂರಿನ ಕುದುರೆ ಸವಾರರು ಈಗಿನ ಇಸ್ರೇಲಿನ ಹೈಫಾದಲ್ಲಿ ಗೆದ್ದರು. ಅದು ಪಠ್ಯದಲ್ಲಿದೆ, ಇರಲೇಬೇಕು. ಅದಾಗಿ ತಿಂಗಳೊಳಗೆ ಅದೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಏನಾಯಿತು ಅನ್ನೋದನ್ನು ನಮಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಹೇಳಿದ್ದರೆ ನನ್ನ ಅಪ್ಪನೋ ದೊಡ್ಡಪ್ಪನೋ ಯಾವತ್ತೋ ಎರಡನ್ನೂ ಕೂಡಿಸಿ ನೋಡುತ್ತಿದ್ದರು.

ಮೂರನೆಯದು ಹೊಲ ಮಾರಿದ್ದು. ಇಲ್ಲಿ ಕ್ರಯಪತ್ರವೇ ಮಾತಾಡುತ್ತದೆ. ಮೈನರ್ ಮಕ್ಕಳ ಆಸ್ತಿಯನ್ನು ತಾಯಿ ಮಾರುವಾಗ ಯಾಕೆ ಮಾರುತ್ತಿದ್ದೇನೆ ಅಂತ ಬರೆಸಲೇಬೇಕಿತ್ತು. ಇಲ್ಲದಿದ್ದರೆ ಮಕ್ಕಳು ದೊಡ್ಡವರಾದ ಮೇಲೆ ದಾವಾ ಹಾಕಬಹುದು ಅಂತ ಕೊಳ್ಳುವವರಿಗೆ ಭಯ. ಹಾಗಾಗಿ ಹಳೇ ಕ್ರಯಪತ್ರಗಳಲ್ಲಿ ವಿಧವೆಯರ ಕಷ್ಟ ಪೂರ್ತಿ ದಾಖಲಾಗಿರುತ್ತದೆ. ನಮ್ಮದರಲ್ಲೂ ಇದೆ. ಗಂಡ, ಮೈದುನ ಜ್ವರದಲ್ಲಿ ತೀರಿಕೊಂಡದ್ದು, ಅವರ ಉತ್ತರಕ್ರಿಯೆಗೆ ಆದ ಸಾಲ, ಬಾಕಿ ನಿಂತ ಕಂದಾಯ, ಇಬ್ಬರು ಮೈನರ್ ಗಂಡುಮಕ್ಕಳ ಅನ್ನವಸ್ತ್ರ. ಆ ವರ್ಷ ದೇಶದ ಬಹುಪಾಲು ಕಡೆ ಮುಂಗಾರು ಕೈಕೊಟ್ಟಿತ್ತು. ಯುದ್ಧದಿಂದ ಕಾಳಿನ ಬೆಲೆ ಗಗನಕ್ಕೇರಿತ್ತು. ಹೊಲದಲ್ಲಿದ್ದ ಅಷ್ಟಿಷ್ಟು ರಾಗಿ ಕೊಯ್ಯಲು ಮನೆಯಲ್ಲಿ ಗಂಡಾಳು ಇರಲಿಲ್ಲ. ಮಾವ ಹಾಸಿಗೆ ಹಿಡಿದಿದ್ದರು. ಎರಡು ಎಕರೆ ಕೊಟ್ಟು, ಉಳಿದ ಹೊಲವನ್ನೂ ಇಬ್ಬರು ಮಕ್ಕಳನ್ನೂ ಉಳಿಸಿಕೊಂಡರು. ಆ ಇಬ್ಬರಲ್ಲಿ ದೊಡ್ಡವರು ನಮ್ಮ ತಾತ. ನನ್ನ ಪ್ರಕಾರ ನಮ್ಮ ಮನೆತನದಲ್ಲಿ ಯಾರೂ ಮಾಡದಷ್ಟು ಲೆಕ್ಕಾಚಾರದ ವ್ಯವಹಾರ ಅದು.

"ನಾಲೆ ಬರುತ್ತೆ ಅಂತ ಗೊತ್ತಿಲ್ವಾ, ಕಟ್ಟೆ ಕಟ್ತಿದ್ರಲ್ಲ" ಅಂತ ನಮ್ಮ ಚಿಕ್ಕಪ್ಪ ವಾದ ಮಾಡಿದರು. ಕಟ್ಟೆ ಕೆಲಸ 1911ರಲ್ಲಿ ಶುರುವಾಗಿತ್ತು, ನಿಜ. ಆದರೆ ಅಣೆಕಟ್ಟು ಪೂರ್ತಿಯಾಗಿ, ಆಗ ಇರ್ವಿನ್ ನಾಲೆ ಅಂತಿದ್ದ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನಮ್ಮ ಕಡೆಗೆ ನೀರು ಹರಿದದ್ದು 1930ರ ದಶಕದಲ್ಲಿ. ಮಂಡ್ಯದ ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. 1918ರ ಮಾರ್ಗಶಿರದಲ್ಲಿ ಹಸಿದ ಇಬ್ಬರು ಮಕ್ಕಳಿಗೆ ಹದಿನೈದು ವರ್ಷ ಕಾಯಿರಿ, ಕಬ್ಬು ಬರುತ್ತೆ ಅಂತ ಹೇಳೋಕಾಗುತ್ತಾ?

ಇನ್ನೊಂದು ವಿಷಯ ಮನೆಯಲ್ಲಿ ಯಾರೂ ಹೇಳಿಕೊಳ್ಳುತ್ತಿರಲಿಲ್ಲ, ಕೂಲಿಗೆ ಹೋದರು ಅನ್ನೋದು ಮರ್ಯಾದೆಗೆ ಕಮ್ಮಿ ಅಂತ. ಮುತ್ತಜ್ಜಿ ಆ ಕಟ್ಟೆಯ ಕೆಲಸಕ್ಕೇ ಹೋಗಿದ್ದರು. ಕನ್ನಂಬಾಡಿಯ ಕಟ್ಟೆ ಎದ್ದದ್ದು ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ. ಸುಟ್ಟ ಇಟ್ಟಿಗೆ ಪುಡಿ, ಸುಣ್ಣ ಸೇರಿಸಿ ಅರೆದ ಆ ಗಾರೆಯನ್ನು ಬಾಂಡ್ಲಿಯಲ್ಲಿ ತುಂಬಿ ತಲೆ ಮೇಲೆ ಹೊತ್ತವರಲ್ಲಿ ಹೆಂಗಸರೂ ಇದ್ದರು. 1924ರ ಜುಲೈನಲ್ಲಿ ಕಾವೇರಿ ಉಕ್ಕಿ ಹರಿದ ಆ ದೊಡ್ಡ ಪ್ರವಾಹವನ್ನು ಅವರು ಕಟ್ಟೆಯ ಹತ್ತಿರದಿಂದ ಕಣ್ಣಾರೆ ಕಂಡಿದ್ದರಂತೆ. ನೀರು ಕೆಂಪಗೆ, ದಡದ ಮರಗಳ ಸಮೇತ ಬಂತು ಅಂತ ಮೊಮ್ಮಕ್ಕಳಿಗೆ ಹೇಳುತ್ತಿದ್ದರು. ತಾನು ಮಾರಿದ ಹೊಲಕ್ಕೆ ನೀರು ತಂದ ಕಟ್ಟೆಗೆ ತಾನೇ ಗಾರೆ ಹೊತ್ತರು. ಅದಕ್ಕೂ ಬೈಸಿಕೊಂಡರು.

ಅಪ್ಪ ಹೇಳಿದ ಇನ್ನೊಂದು ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿದೆ. ಅಪ್ಪನ ಚಿಕ್ಕಪ್ಪನ ಮದುವೆಯಲ್ಲಿ, ಅಂದರೆ ಮುತ್ತಜ್ಜಿಯ ಸ್ವಂತ ಮಗನ ಮದುವೆಯಲ್ಲಿ, ಹೆಣ್ಣು ಮನೆ ತುಂಬುವಾಗ ಅವರು ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರಂತೆ. ಯಾರೂ ಹೋಗು ಅಂದಿರಲಿಲ್ಲ. ಅವರಾಗೇ ಹೋದರು. ನಲವತ್ತು ವರ್ಷ ಕೇಳಿ ಕೇಳಿ ಅವರೂ ಅದನ್ನು ನಂಬಿದ್ದರು.

ಇದು ಹಳೇ ಕಾಲದ್ದು, ಈಗ ಯಾಕೆ ಅಂತ ಕೇಳಬಹುದು. 2021ರಲ್ಲಿ ಕೋವಿಡ್‌ನ ಎರಡನೇ ಅಲೆಯಲ್ಲಿ ನಮ್ಮ ನೆಂಟರ ಮನೆಯಲ್ಲೇ ಒಬ್ಬ ಹೊಸ ಸೊಸೆಗೆ ಇದೇ ಮಾತು ಬಂತು. ಮೊಬೈಲಿನಲ್ಲಿ ದಿನಾ ಸಾವಿನ ಲೆಕ್ಕ ನೋಡುತ್ತಿದ್ದವರೇ ಅಂದದ್ದು. ಊರಿಗೆಲ್ಲ ಬಂದ ಸಾವು ನಮ್ಮ ಮನೆ ಬಾಗಿಲಿಗೆ ಬಂದ ತಕ್ಷಣ ಅದಕ್ಕೊಂದು ಹೆಣ್ಣಿನ ಹೆಸರು ಬೇಕಾಗುತ್ತದೆ. ಅದಕ್ಕೇ ಹೇಳ್ತೀನಿ, ಮನೆತನದ ಕಥೆಯನ್ನು ಮನೆಯೊಳಗೇ ಇಟ್ಟುಕೊಂಡು ಓದಬೇಡಿ. ಪಕ್ಕದಲ್ಲಿ ಬರದ ವರ್ಷ, ರೋಗದ ವರ್ಷ, ಯುದ್ಧದ ವರ್ಷ ಬರೆದುಕೊಳ್ಳಿ.

ಹಿರಿಯರನ್ನು ಕೇಳುವಾಗ ಇಸವಿ ಕೇಳಬೇಡಿ, ಅವರಿಗೆ ಸಿಟ್ಟು ಬರುತ್ತೆ ಅಷ್ಟೇ. ಪ್ಲೇಗಿಗೆ ಮುಂಚೆಯಾ ಆಮೇಲಾ, ಕಟ್ಟೆ ಮುಗಿದಿತ್ತಾ, ನಾಲೆ ಬಂದಿತ್ತಾ, ರೇಷನ್ ಕಾಲವಾ ಅಂತ ಕೇಳಿ. ಸಂವತ್ಸರದ ಹೆಸರು ನೆನಪಿದ್ದರೆ ಇನ್ನೂ ಒಳ್ಳೆಯದು, ಆದರೆ ಅದು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಬೇರೆ ಘಟನೆ ಜೊತೆ ತಾಳೆ ನೋಡಿ. ಹಳೇ ಕ್ರಯಪತ್ರ ಇದ್ದರೆ ಬಿಸಾಡಬೇಡಿ, ಲ್ಯಾಮಿನೇಷನ್ ಮಾಡಿಸಲೂ ಬೇಡಿ, ಮೊದಲು ಒಳ್ಳೆ ಬೆಳಕಿನಲ್ಲಿ ಫೋಟೊ ತೆಗೆದಿಡಿ. ಹಳೇ ಜನಗಣತಿ ವರದಿಗಳು ಈಗ ಇಂಟರ್ನೆಟ್ಟಿನಲ್ಲೇ ಓದಲು ಸಿಗುತ್ತವೆ.

ಈ ಸಲ ಹಿರಿಯರ ಹಬ್ಬಕ್ಕೆ ಎಡೆ ಇಡುವಾಗ ದೊಡ್ಡತ್ತೆಯ ಎದುರಿಗೇ ಆ ಕ್ರಯಪತ್ರವನ್ನು ಗಟ್ಟಿಯಾಗಿ ಓದಿದೆ. ಪೂರ್ತಿ ಕೇಳಿಸಿಕೊಂಡರು. "ಇದ್ನ ಯಾರೂ ನಮಗೆ ಓದಿ ಹೇಳ್ಲೇ ಇಲ್ವಲ್ಲಪ್ಪ" ಅಂದರು. ವಂಶವೃಕ್ಷ ಹೊಸದಾಗಿ ಬರೆಸುತ್ತಿದ್ದೇವೆ, ಸೊಸೆಯರ, ಹೆಣ್ಣುಮಕ್ಕಳ ಹೆಸರುಗಳ ಜೊತೆ. ಆದರೆ ಆ ಓರಗಿತ್ತಿಯ ಹೆಸರು ಯಾರಿಗೂ ನೆನಪಿಲ್ಲ. ಅವರ ತವರು ಪಾಂಡವಪುರದ ಕಡೆ ಅಂತ ಮಾತ್ರ ಹೇಳ್ತಾರೆ. ಆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದು, ನಿಮ್ಮ ಮನೆಯಲ್ಲಿ ಕಾಳಯುಕ್ತಿ ವರ್ಷ ಗಂಡನ ಮನೆಯಲ್ಲಿ ಬಸುರಿಯಾಗಿದ್ದಾಗಲೇ ಜ್ವರದಲ್ಲಿ ಹೋದ ಮಗಳ ಕಥೆ ಇದ್ದರೆ, ದಯವಿಟ್ಟು ಮೆಸೇಜ್ ಮಾಡಿ.